ನಕ್ಷೆಯ ಮೇಲೆ ಒಂದು ಗೇಣು

2024 ಜೂನ್ 15, ಶನಿವಾರ ರಾತ್ರಿ

ಬೆರಳಿಗೆ ಹತ್ತಿದ ಸ್ಕೆಚ್ ಪೆನ್ನಿನ ನೀಲಿ ಇನ್ನೂ ಹೋಗಿಲ್ಲ. ನಗರದ ಮುಂದಿನ ಇಪ್ಪತ್ತು ವರ್ಷದ ಯೋಜನೆಗೆ ಇವತ್ತು ಜನರ ಅಭಿಪ್ರಾಯ ಕೇಳುವ ಸಭೆ ಇತ್ತು. ಬಂದವರು ಹೇಳಿದ್ದನ್ನು ನಕ್ಷೆಯ ಮೇಲೆ ಗುರುತು ಹಾಕುವ ಕೆಲಸ ನನ್ನದು.

ಮೊದಲ ಒಂದು ಗಂಟೆ ಏನೂ ನಡೆಯಲಿಲ್ಲ. ‘ನಿಮ್ಮ ಕನಸಿನ ನಗರ ಹೇಗಿರಬೇಕು?’ ಅಂತ ದೊಡ್ಡ ಹಾಳೆಯಲ್ಲಿ ಬರೆದಿದ್ದರು. ಅದಕ್ಕೆ ಯಾರಾದರೂ ಏನು ಹೇಳಬೇಕು? ಹಸಿರಾಗಿರಬೇಕು, ಸ್ವಚ್ಛವಾಗಿರಬೇಕು ಅಂದರು, ಸುಮ್ಮನಾದರು. ಆಮೇಲೆ ನಮ್ಮ ಮೇಜಿನವರು ಪ್ರಶ್ನೆಯನ್ನೇ ಬದಲಾಯಿಸಿದೆವು. ‘ನಿನ್ನೆ ಎಲ್ಲೆಲ್ಲಿ ಓಡಾಡಿದಿರಿ? ಎಲ್ಲಿ ಕಷ್ಟ ಆಯ್ತು?’ ಅಷ್ಟೇ. ಮೇಜಿನ ಸುತ್ತ ನಿಲ್ಲೋಕೆ ಜಾಗ ಸಾಲಲಿಲ್ಲ.

‘ನನ್ನ ಮನೆ ಎಲ್ಲಿದೆ ತೋರಿಸಮ್ಮಾ’ ಅಂದರು ಒಬ್ಬರು ಅಜ್ಜಿ. ತೋರಿಸಿದೆ. ಹೆಬ್ಬೆರಳನ್ನು ಮನೆಯ ಮೇಲಿಟ್ಟು ಕೈ ಚಾಚಿದರು. ಕಿರುಬೆರಳು ಸರಿಯಾಗಿ ಆಸ್ಪತ್ರೆಗೆ ಮುಟ್ಟಿತು. ಒಂದು ಗೇಣು. ನಮ್ಮ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ 50 ಮೀಟರ್, ಹಾಗಾಗಿ ಹೆಚ್ಚುಕಮ್ಮಿ ಒಂದು ಕಿಲೋಮೀಟರ್. ‘ಇಷ್ಟೇನಾ? ನಾನು ಆಟೋದಲ್ಲೇ ಹೋಗೋದು’ ಅಂದರು. ಯಾಕೆ ಅಂದರೆ ನಡುವೆ ದೊಡ್ಡ ರಸ್ತೆ. ಅರ್ಧ ದಾಟುವಷ್ಟರಲ್ಲಿ ಸಿಗ್ನಲ್ ಬದಲಾಗುತ್ತದಂತೆ.

ಲೆಕ್ಕ ಹಾಕಿ ನೋಡಿದೆ. ಎಷ್ಟೋ ದೇಶಗಳಲ್ಲಿ ಸಿಗ್ನಲ್ ಇಡುವಾಗ ಜನ ಸೆಕೆಂಡಿಗೆ ಸುಮಾರು 1.2 ಮೀಟರ್ ನಡೆಯುತ್ತಾರೆ ಅಂತ ಹಿಡಿಯುತ್ತಾರೆ. 18 ಮೀಟರ್ ರಸ್ತೆಗೆ 15 ಸೆಕೆಂಡು. ಅಜ್ಜಿಯಂಥವರು 0.8ರ ವೇಗದಲ್ಲಿ ನಡೆದರೆ 22 ಸೆಕೆಂಡಿಗಿಂತ ಜಾಸ್ತಿ ಬೇಕು. ಆ ಏಳು ಸೆಕೆಂಡಿಗಾಗಿ ಒಂದು ಕಿಲೋಮೀಟರ್‌ಗೆ ಆಟೋ! ಸುಸ್ಥಿರ ಸಾರಿಗೆ ಅಂತ ಎಷ್ಟು ಪುಟ ಬರೆದರೂ ಈ ಏಳು ಸೆಕೆಂಡು ಅದರಲ್ಲಿ ಇರಬೇಕು ಅಲ್ವಾ? ಅಲ್ಲೊಂದು ಕೆಂಪು ಸ್ಟಿಕರ್ ಅಂಟಿಸಿದೆ.

ನೀಲಿ ಗೆರೆ ಹಳ್ಳದ್ದು. ಹೊಸ ಬಡಾವಣೆ ಆಗುವ ಜಾಗದಲ್ಲಿ ಮೊದಲು ಹಳ್ಳ ಹರಿಯುತ್ತಿತ್ತು ಅಂತ ಮೂರು ಜನ ಬೇರೆ ಬೇರೆ ಹೊತ್ತಿಗೆ ಬಂದು ಒಂದೇ ಜಾಗ ತೋರಿಸಿದರು. ನಕ್ಷೆಯಲ್ಲಿ ಅದು ಬರೀ ಖಾಲಿ ಬಿಳಿ. ಒಂದು ಹೆಕ್ಟೇರ್ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಐದು ಲಕ್ಷ ಲೀಟರ್ ನೀರು. ನೆಲಕ್ಕೆಲ್ಲ ಕಾಂಕ್ರೀಟ್ ಹಾಕಿದರೆ ಅದು ಎಲ್ಲಿಗೆ ಹೋಗಬೇಕು? 2011ರ ಜುಲೈ 2ರಂದು ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಕೆಲವೇ ಗಂಟೆಗಳ ಮಳೆಗೆ ಬೀದಿ, ನೆಲಮಾಳಿಗೆ ಎಲ್ಲ ಮುಳುಗಿದವು. ಆಮೇಲೆ ಅವರು ಪಾರ್ಕುಗಳನ್ನು ತಗ್ಗಿಸಿ ನೀರು ನಿಲ್ಲೋಕೆ ಜಾಗ ಮಾಡಿದರು. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಂತೂ ಚಂಗೇಚನ್ ತೊರೆಯ ಮೇಲೆ ಕಟ್ಟಿದ್ದ ಹೆದ್ದಾರಿಯನ್ನೇ ಕೆಡವಿ 2005ರಲ್ಲಿ ನೀರು ಹರಿಸಿದರು. ಮುಚ್ಚಿ ಮತ್ತೆ ತೆರೆಯುವುದಕ್ಕಿಂತ ಮುಚ್ಚದೇ ಇರುವುದು ಎಷ್ಟೋ ಸುಲಭ. ನಮಗೆ ಇನ್ನೂ ಸಮಯ ಇದೆ.

ಎಲ್ಲರೂ ಒಪ್ಪಿದರು ಅಂತೇನಿಲ್ಲ. ‘ಹಳ್ಳ ಚೆಂದ ಆದ್ರೆ ಬಾಡಿಗೆ ಏರುತ್ತೆ ಅಕ್ಕಾ. ಆಮೇಲೆ ನಾವು ಎಲ್ಲಿಗೆ ಹೋಗೋಣ?’ ಅಂದ ಒಬ್ಬ ಹುಡುಗ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ಮಾತನ್ನು ಇದ್ದ ಹಾಗೇ ಬರೆದುಕೊಂಡೆ. ಆಸುಪಾಸಿನಲ್ಲಿ ಕಡಿಮೆ ಬಾಡಿಗೆಯ ಮನೆಗಳನ್ನು ಉಳಿಸುವ ಮಾತು ಹಳ್ಳದ ಜೊತೆಗೇ ಯೋಜನೆಗೆ ಬರಬೇಕು, ಆಮೇಲೆ ನೋಡೋಣ ಅಂದರೆ ಆಗಲ್ಲ.

ಅಜ್ಜಿ ಹೊರಡುವಾಗ ಕೇಳಿದರು, ‘ನಾನು ಹೇಳಿದ್ದು ಏನಾಯ್ತು ಅಂತ ಯಾರು ಹೇಳ್ತಾರೆ?’ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನೆನಪಾಯಿತು. ಅಲ್ಲಿ 1989ರಿಂದ ನಗರದ ಬಜೆಟ್‌ನ ಒಂದು ಪಾಲನ್ನು ಎಲ್ಲಿ ಖರ್ಚು ಮಾಡಬೇಕು ಅಂತ ಬಡಾವಣೆಯ ಸಭೆಗಳಲ್ಲಿ ಜನರೇ ತೀರ್ಮಾನಿಸಲು ಶುರು ಮಾಡಿದರು. ಒಪ್ಪಿದ ಕೆಲಸಗಳ ಪಟ್ಟಿಯನ್ನೂ ಅಚ್ಚು ಹಾಕಿಸಿ ಹಂಚುತ್ತಿದ್ದರು, ಯಾರು ಬೇಕಾದರೂ ಹಿಡಿದು ಕೇಳಬಹುದಿತ್ತು. ನಮಗೂ ಅಂಥದ್ದೊಂದು ಪಟ್ಟಿ ಬೇಕು ಅಂತ ವರದಿಯ ಮೊದಲ ಸಾಲಿನಲ್ಲೇ ಬರೆದಿದ್ದೇನೆ.

ಇನ್ನೊಂದು. ಬಂದವರ ಹಾಜರಿ ನೋಡಿದರೆ ಕಟ್ಟಡ ಕೆಲಸದವರು ಒಬ್ಬರೂ ಇಲ್ಲ. ಶನಿವಾರ ಬೆಳಗ್ಗೆ ಕೂಲಿ ಬಿಟ್ಟು ಅವರು ಹೇಗೆ ಬರ್ತಾರೆ? ನಾಳೆ ಸಂಜೆ ಏಳಕ್ಕೆ ನಕ್ಷೆ ಸುತ್ತಿಕೊಂಡು ಅವರ ಶೆಡ್ಡುಗಳ ಹತ್ತಿರ ನಾವೇ ಹೋಗ್ತೀವಿ. ಟಾರ್ಚ್ ಚಾರ್ಜಿಗೆ ಹಾಕಬೇಕು.