ಬೆಕ್ಕಿನ ಕಣ್ಣಿನ ಹುಲಿ

ಕ್ಯೋಟೋ, 21 ಏಪ್ರಿಲ್ 2024, ಭಾನುವಾರ

ತೋಜಿ ದೇವಾಲಯದ ಆವರಣದಲ್ಲಿ ಪ್ರತಿ ತಿಂಗಳು 21ರಂದು ನೆರೆಯುವ ಕೋಬೋ ಸಂತೆಯಿಂದ ಇಂದು ಒಂದು ಹುಲಿಯನ್ನು ಮನೆಗೆ ತಂದೆ. ರೇಷ್ಮೆಯ ಮೇಲೆ ಬರೆದ ತೂಗುಚಿತ್ರ, ಇಲ್ಲಿಯವರು ಕಾಕೆಜಿಕು ಎನ್ನುವಂಥದು. ಶೋವಾ ಕಾಲದ (1926–1989) ಆರಂಭದ್ದೆಂದು ವೃದ್ಧ ವ್ಯಾಪಾರಿ ಹೇಳಿದರು. ಬಹುಕಾಲ ಸುರುಳಿಯಾಗಿಯೇ ಇದ್ದುದರಿಂದ ಅಡ್ಡಕ್ಕೆ ಎರಡು ಮಡಿಕೆಗಳು ಬಿದ್ದಿವೆ, ಅಂಚಿನಲ್ಲಿ ತೇವದ ಕಂದು ಚುಕ್ಕೆಗಳಿವೆ. ಆದರೂ ಅದನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ.

ಸಂಜೆ ಗೋಡೆಗೆ ತೂಗುಹಾಕಿ ಹತ್ತಿರದಿಂದ ನೋಡಿದೆ. ಕೆನ್ನೆಯ ರೋಮಗಳನ್ನು ಕಲಾವಿದರು ಒಂದೊಂದಾಗಿ ಎಳೆದಿದ್ದಾರೆ. ಕುಂಚದ ತುದಿ ಮೇಲೇಳುವಲ್ಲಿ ಪ್ರತಿಯೊಂದು ಗೆರೆಯೂ ಕೂದಲಿಗಿಂತ ತೆಳುವಾಗಿ ರೇಷ್ಮೆಯಲ್ಲಿ ಕರಗಿಹೋಗುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಣ್ಣು. ಹೊಂಬಣ್ಣದ ಆ ಕಣ್ಣುಗಳ ನಡುವೆ ಪಾಪೆ ನೆಟ್ಟಗೆ ಸೀಳಿದ ಗೆರೆಯಂತಿದೆ. ಕಬಿನಿಯ ಹಿನ್ನೀರಿನ ಬಳಿ ಜೀಪಿನಿಂದ ನಾನು ನೋಡಿದ ಹುಲಿಯ ಪಾಪೆ ದುಂಡಗಿತ್ತು. ಹುಲಿಗಳಿಗೆಲ್ಲ ಇರುವುದು ದುಂಡು ಪಾಪೆಯೇ. ಸೀಳುಪಾಪೆ ಇರುವುದು ಮನೆಯ ಬೆಕ್ಕಿಗೆ.

ಇದಕ್ಕೆ ಹಳೆಯ ಕಾಲದಿಂದ ಬಂದ ಕಾರಣವಿದೆ. ಜಪಾನಿನ ಕಾಡುಗಳಲ್ಲಿ ಹುಲಿ ಇರಲಿಲ್ಲ. ಎದೋ ಕಾಲದ (1603–1868) ಕಲಾವಿದರಿಗೆ ದೊರೆಯುತ್ತಿದ್ದುದು ಹೊರದೇಶದಿಂದ ಬಂದ ಹುಲಿಯ ಚರ್ಮ, ಚೀನಾ ಮತ್ತು ಕೊರಿಯಾದ ಚಿತ್ರಗಳು. ಕಣ್ಣಾರೆ ಕಂಡದ್ದನ್ನೇ ಬರೆಯಬೇಕೆಂದು ಹಟ ಹಿಡಿದಿದ್ದ ಮಾರುಯಾಮ ಓಕ್ಯೋ (1733–1795) ಕೂಡ ಪಟ್ಟೆಗಳನ್ನೂ ರೋಮವನ್ನೂ ಚರ್ಮ ನೋಡಿಯೇ ಅಭ್ಯಾಸ ಮಾಡಿದರು. ಚರ್ಮದಲ್ಲಿ ಕಣ್ಣಿರುವುದಿಲ್ಲವಲ್ಲ, ನಡಿಗೆಗೂ ನೋಟಕ್ಕೂ ಬೆಕ್ಕೇ ಮಾದರಿಯಾಯಿತು. ಅವರ ಶಿಷ್ಯ ನಾಗಸಾವಾ ರೋಸೆತ್ಸು 1786ರಲ್ಲಿ ಗುರುವಿನ ಬದಲಿಗೆ ಕುಶಿಮೊತೋ ಎಂಬ ಊರಿಗೆ ಹೋಗಿ ಮುರ್ಯೋಜಿ ದೇವಾಲಯದ ಜಾರುಬಾಗಿಲುಗಳ ಮೇಲೆ ಬರೆದ ಹುಲಿಯೂ ಬೇಟೆಗೆ ಹೊಂಚುವ ದೊಡ್ಡ ಬೆಕ್ಕಿನಂತೆಯೇ ಇದೆ. ಇದನ್ನು ತಪ್ಪೆನ್ನಲು ನನಗೆ ಬಾಯಿ ಬಾರದು. ಕಾಣದ ಪ್ರಾಣಿಯೊಂದಕ್ಕೆ ಜೀವ ತುಂಬಲು ಅವರು ಜಗುಲಿಯಲ್ಲಿ ಮಲಗಿದ ಬೆಕ್ಕನ್ನು ಎಷ್ಟು ಹೊತ್ತು ದಿಟ್ಟಿಸಿರಬೇಕು!

ಮಡಿಕೆಗಳನ್ನು ಸರಿಪಡಿಸಲು ಹಳೆಯ ಬೆನ್ನುಕಾಗದವನ್ನು ಬಿಡಿಸಿ, ಗೋಧಿ ಪಿಷ್ಟದ ಅಂಟಿನಿಂದ ಹೊಸದನ್ನು ಅಂಟಿಸಬೇಕು. ನುರಿತ ಕೈಯ ಕೆಲಸ ಅದು, ನಾನು ಮುಟ್ಟುವುದಿಲ್ಲ. ಜೂನ್ ತಿಂಗಳ ಮಳೆಯ ತೇವ ರೇಷ್ಮೆಗೆ ಆಗದು, ಆದ್ದರಿಂದ ಮೇ ಕೊನೆಯವರೆಗೆ ಮಾತ್ರ ಇದು ಗೋಡೆಯ ಮೇಲಿರುತ್ತದೆ. ಆಮೇಲೆ ಬಿಗಿಯದಂತೆ ಸುತ್ತಿ, ಅದರ ಜೊತೆಗೇ ಬಂದ ‘ಕಿರಿ’ ಎಂಬ ಜಪಾನಿ ಹೆಸರಿನ ಹಗುರ ಮರದ ಪೆಟ್ಟಿಗೆಯಲ್ಲಿಟ್ಟು, ಶರತ್ಕಾಲದ ಒಣಹವೆಯ ದಿನವೊಂದರಲ್ಲಿ ಮತ್ತೆ ಬಿಚ್ಚುತ್ತೇನೆ.