ಸದ್ದಡಗಿದ ಟ್ಯಾಂಕು

ಕಾರಟಗಿ ಹತ್ತಿರ ಗಾಡಿ ನಿಲ್ಲಿಸಿ ಮೀನುಮರಿ ತುಂಬಿದ ಟ್ಯಾಂಕಿನ ಮುಚ್ಚಳ ತೆಗೆದಾಗ ಒಳಗಿನಿಂದ ಒಂದು ಸದ್ದೂ ಬರಲಿಲ್ಲ. ಅದನ್ನು ಕಂಡು ನಾನು ಹಿಗ್ಗಿದ್ದೆ ಎಂಬುದೇ ಈಗಲೂ ಚುಚ್ಚುತ್ತದೆ.

ಗಂಗಾವತಿ ಸಮೀಪದ ಖಾಸಗಿ ಮೀನುಮರಿ ಪಾಲನಾ ಕೇಂದ್ರವೊಂದರಲ್ಲಿ ನಾನು ತಾಂತ್ರಿಕ ಸಹಾಯಕ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು, ಸಿಂಧನೂರು ಕಡೆಯ ಕ್ಯಾಂಪುಗಳ (ವಲಸೆ ಬಂದ ರೈತರ ಊರುಗಳ) ಮೀನುಹೊಂಡಗಳು ತುಂಬಿದವೆಂದರೆ ನಮಗೆ ಹಗಲು ರಾತ್ರಿ ಒಂದೇ. ಹಿಂದಿನ ದಿನವೇ ಮರಿಗಳನ್ನು ಹಾಪಾಕ್ಕೆ, ಅಂದರೆ ನೀರಿನಲ್ಲಿ ಕಟ್ಟಿದ ಬಲೆಯ ತೊಟ್ಟಿಗೆ, ಹಾಕಿ, ಮೇವು ನಿಲ್ಲಿಸಿ, ಹೊಟ್ಟೆ ಖಾಲಿಯಾದ ಮೇಲೆ ಬೆಳಗಿನ ಜಾವ ಎಣಿಸಿ ಏರಿಸುತ್ತೇವೆ. ರೋಹು, ಮೃಗಾಲ ಹೇಗೋ ತಡೆದುಕೊಳ್ಳುತ್ತವೆ. ಕಾಟ್ಲಾ ಮಾತ್ರ ಬಲೆ ತಾಗಿದರೆ ಸಾಕು, ಎಗರಿ ಎಗರಿ ಹುರುಪೆ ಉದುರಿಸಿಕೊಳ್ಳುತ್ತದೆ. ಗಾಬರಿಗೊಂಡ ಮೀನಿನ ರಕ್ತದಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರುತ್ತದೆ, ಸಕ್ಕರೆ ಏರುತ್ತದೆ, ಅದು ಹೆಚ್ಚು ಆಮ್ಲಜನಕ ಎಳೆದು ಹೆಚ್ಚು ಅಮೋನಿಯಾ ಬಿಡುತ್ತದೆ. ದಾರಿಯಲ್ಲಿ ಸಾಯದೆ ಉಳಿದ ಮರಿ ಮೂರನೆಯ ದಿನ ಹೊಂಡದಲ್ಲಿ ತೇಲಿದರೆ ರೈತರ ಫೋನು ಬರುವುದು ಮಾಲೀಕರಿಗಲ್ಲ, ನನಗೆ.

ಬ್ರೆಜಿಲ್ಲಿನಲ್ಲಿ ಲಂಟಾನದ ಕುಟುಂಬಕ್ಕೇ ಸೇರಿದ ಲಿಪ್ಪಿಯಾ ಆಲ್ಬಾ ಎಂಬ ಗಿಡದ ಎಣ್ಣೆಯನ್ನು, ಮೀನು ಗಾಬರಿಯಾಗದಿರಲೆಂದು, ಸಾಗಿಸುವ ನೀರಿಗೆ ಬೆರೆಸಿ ನೋಡಿದ್ದಾರೆಂದು ಓದಿದ್ದೆ. ನಮ್ಮ ಕೈಗೆ ಸಿಗುವುದು ಲವಂಗದ ಎಣ್ಣೆ. ಅದರಲ್ಲಿ ಹೆಚ್ಚಿನ ಪಾಲು ಯೂಜಿನಾಲ್. ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಟ್ಟರೆ ಒಸಡು ಜೋಮು ಹಿಡಿಯುವುದು ಅದರಿಂದಲೇ. ಸಾಗಣೆಗೆ ಬೇಕಾದದ್ದು ತೀರ ಕಡಿಮೆ: ಲೀಟರ್ ನೀರಿಗೆ 5ರಿಂದ 10 ಮಿಲಿಗ್ರಾಂ. ಅದರ ನಾಲ್ಕೈದು ಪಟ್ಟಾದರೆ ಮೀನು ಪೂರ್ತಿ ಪ್ರಜ್ಞೆ ತಪ್ಪುತ್ತದೆ. ಹಿಂದಿನ ದಿನ ಬಕೆಟ್ಟಿನಲ್ಲಿ ನೋಡಿದ್ದೆ: ಒಂದು ಪಾಲು ಎಣ್ಣೆಗೆ ಒಂಬತ್ತು ಪಾಲು ಎಥನಾಲ್ ಸೇರಿಸಿ ಕುಲುಕಿ, ಆ ಮಿಶ್ರಣವನ್ನು 10 ಲೀಟರಿಗೆ 1 ಮಿ.ಲೀ. ಹಾಕಿದಾಗ ಮರಿಗಳು ಎಗರುವುದನ್ನು ಬಿಟ್ಟು ನಿಧಾನವಾಗಿ ಈಜುತ್ತಿದ್ದವು. ಬಕೆಟ್ ತಟ್ಟಿದರೆ ತಟ್ಟನೆ ತಿರುಗುತ್ತಿದ್ದವು. ತಿರುಗುತ್ತಿದ್ದವೆಂಬ ಈ ಕೊನೆಯ ಮಾತನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿಲ್ಲ.

ಮರುದಿನ ಟ್ಯಾಂಕಿನಲ್ಲಿ 800 ಲೀಟರ್ ನೀರಿತ್ತು. ಲೆಕ್ಕಕ್ಕೆ 8 ಮಿ.ಲೀ. ಎಣ್ಣೆ, 72 ಮಿ.ಲೀ. ಎಥನಾಲ್ ಬೇಕು. ಎಥನಾಲ್ ಬಾಟಲಿಯ ತಳ ಕಾಣುತ್ತಿತ್ತು. ಇನ್ನೊಂದು ತರಿಸಿರೆಂದು ನಾನು ಕೊಟ್ಟ ಚೀಟಿ ಕಚೇರಿಯ ಮೇಜಿನ ಮೇಲೆ ಒಂದು ವಾರದಿಂದ ಪೇಪರ್‌ವೇಟಿನಡಿ ಮಲಗಿತ್ತು. ಸರಿ, ಒಂದು ದಿನಕ್ಕೇನು ಎಂದುಕೊಂಡು ಎಣ್ಣೆಯನ್ನು ಮಗ್ಗು ನೀರಿನಲ್ಲಿ ಕಲಕಿ ಸುರಿದೆ. ಹತ್ತು ನಿಮಿಷ ಕಾದರೂ ಕಾಟ್ಲಾ ಮರಿಗಳು ಹಾಗೆಯೇ ಮುಚ್ಚಳಕ್ಕೆ ಹೊಡೆಯುತ್ತಿದ್ದವು. ಬಾಟಲಿಯ ಮೇಲೆ ಯೂಜಿನಾಲ್ ಎಷ್ಟೆಂದು ಬರೆದಿರಲಿಲ್ಲ. ಎಣ್ಣೆ ಕಲಬೆರಕೆಯದಿರಬೇಕೆಂದು ತೀರ್ಮಾನಿಸಿ, ಇನ್ನೊಮ್ಮೆ ಅಷ್ಟನ್ನೇ ಸುರಿದು ಗಾಡಿ ಹೊರಡಿಸಿದೆ. ಎಣ್ಣೆ ಒಳ್ಳೆಯದೇ ಆಗಿತ್ತು. ಎಥನಾಲ್ ಇಲ್ಲದೆ ಅದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ನೀರಿಗಿಂತ ತುಸು ಭಾರ. ಸ್ವಲ್ಪ ಮೇಲೆ ಪರೆಯಾಗಿ ನಿಂತು ಉಳಿದದ್ದು ಹನಿಹನಿಯಾಗಿ ತಳ ಸೇರಿತ್ತು. ಕ್ಯಾಂಪಿನ ದಾರಿಯ ಗುಂಡಿಗಳೂ ನೀರಿಗೆ ಗಾಳಿಯೂದುವ ಏರೇಟರಿನ ಗುಳ್ಳೆಗಳೂ ಸೇರಿ ಅರ್ಧ ಗಂಟೆಯಲ್ಲಿ ಎರಡೂ ಸಲದ ಎಣ್ಣೆಯನ್ನು ಚೆನ್ನಾಗಿ ಕಡೆದು ಬೆರೆಸಿದವು. ಬಿಸಿಲೇರಿ ನೀರೂ ಬೆಚ್ಚಗಾಗಿತ್ತು. ಬೆಚ್ಚನೆಯ ನೀರಿನಲ್ಲಿ ಅಮಲು ಬೇಗ ಏರುತ್ತದೆ.

ಡ್ರೈವರ್ ಅಣ್ಣ ನನಗಿಂತ ಇಪ್ಪತ್ತು ವರ್ಷ ಹಿರಿಯ. ಟಾರ್ಚು ಹಿಡಿದು ಇಣುಕಿ, "ಸರ್, ಇಷ್ಟು ಗಪ್ಪ್ ಇರೋ ಮರಿ ನಾ ಎಂದೂ ನೋಡಿಲ್ರೀ" ಎಂದರು. "ಗಪ್ಪ್ ಇರ್ಲಿ ಅಂತಾನೇ ಹಾಕಿದ್ದು" ಎಂದು ನಾನು ನಕ್ಕೆ. ಚಹಾ ಕುಡಿದೆವು. ಆ ಚಹಾದ ಹತ್ತು ನಿಮಿಷಗಳನ್ನು ಎಷ್ಟು ಸಲ ಎಣಿಸಿದ್ದೇನೋ ಲೆಕ್ಕವಿಲ್ಲ. ಗಾಡಿ ಏರುವ ಮುನ್ನ ಅಣ್ಣ ಮತ್ತೆ ಮುಚ್ಚಳ ತೆಗೆದು ಟ್ಯಾಂಕನ್ನು ಅಂಗೈಯಿಂದ ಬಡಿದರು. ಒಂದು ಮರಿಯೂ ಕದಲಲಿಲ್ಲ. ನಾನು ಕೈಬಲೆಯನ್ನು ತಳಕ್ಕಿಳಿಸಿದರೆ ಅದು ಹಿಟ್ಟಿನ ಚೀಲಕ್ಕೆ ಕೈ ಹಾಕಿದಂತೆ ಹೂತುಕೊಂಡಿತು. ಮರಿಗಳು ಸಮತೋಲ ತಪ್ಪಿ, ಮಗ್ಗುಲಾಗಿ, ಒಂದರ ಮೇಲೊಂದು ಬಿದ್ದಿದ್ದವು. ಮೇಲಿನವುಗಳ ಕಿವಿರು ಎಲ್ಲೋ ಒಮ್ಮೆ ಮಿಡಿಯುತ್ತಿತ್ತು. ಅಡಿಯವು ಉಸಿರು ಕಟ್ಟಿಕೊಂಡಿದ್ದವು.

ಕಾಲುವೆ ಪಕ್ಕದಲ್ಲೇ ಇದ್ದದ್ದು ಪುಣ್ಯ. ಕೆಳಗಿನ ವಾಲ್ವು ಬಿಚ್ಚಿ ಹಳೆಯ ನೀರು ಬಿಡುತ್ತ, ಇಬ್ಬರೂ ಕೊಡಗಟ್ಟಲೆ ಹೊಸ ನೀರು ಹೊತ್ತು ಸುರಿದೆವು. ಒಮ್ಮೆಲೇ ಸುರಿದರೆ ತಾಪ ಬದಲಾಗಿ ಇನ್ನೊಂದು ಪೆಟ್ಟು ಬೀಳುತ್ತದೆಂಬ ಎಚ್ಚರ ಮಾತ್ರ ಆ ಗಡಿಬಿಡಿಯಲ್ಲೂ ಉಳಿದಿತ್ತು. ಕಾಲು ಗಂಟೆಗೆ ಮೇಲಿನ ಮರಿಗಳು ಹೊರಳಿ ನೆಟ್ಟಗಾದವು. ಕ್ಯಾಂಪಿನಲ್ಲಿ ಎಣಿಸಿದಾಗ ಕಾಟ್ಲಾ ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ರೈತರು ಬೈಯಲಿಲ್ಲ, ಸತ್ತ ಮರಿಯ ಬುಟ್ಟಿಯನ್ನು ನನ್ನ ಕಾಲ ಬಳಿ ಇಟ್ಟು ಒಳಗೆ ಹೋದರು.

ಈಗ ಎಥನಾಲ್ ಇಲ್ಲದಿದ್ದರೆ ಎಣ್ಣೆಯನ್ನು ಮುಟ್ಟುವುದಿಲ್ಲ. ಹೊಸ ಬಾಟಲಿ ಬಂದರೆ ಮೊದಲು ಬಕೆಟ್ಟಿನ ಪರೀಕ್ಷೆ, ಅದೂ ಆ ದಿನದ ಬಿಸಿಲಿಗೆ ಕಾದ ನೀರಿನಲ್ಲಿ. ಹಾಕಿದ್ದು ನಾಟಲಿಲ್ಲವೆನಿಸಿದರೆ ಎರಡನೆಯ ಸಲ ಸುರಿಯುವುದಿಲ್ಲ, ಹಾಗೆಯೇ ಕರೆದೊಯ್ಯುತ್ತೇವೆ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಟ್ಯಾಂಕು ತಟ್ಟುತ್ತೇವೆ. ಡೀಸೆಲ್ ಹೆಚ್ಚಾಯಿತೆಂದು ಕಚೇರಿಯವರು ಪ್ರತಿ ತಿಂಗಳೂ ಕೇಳುತ್ತಾರೆ. ಹೋಟೆಲುಗಳಿಗೆ ಜೀವಂತ ಹೋಗುವ ದೊಡ್ಡ ಮೀನಿಗೂ ಇದನ್ನೇ ಹಾಕೋಣವೆಂದು ಮಾಲೀಕರು ಕಳೆದ ವಾರ ಸೂಚಿಸಿದರು. ಮರಿಯಾದರೆ ಹೊಂಡದಲ್ಲಿ ತಿಂಗಳುಗಟ್ಟಲೆ ಬೆಳೆಯುತ್ತದೆ, ಹೋಟೆಲಿನ ಮೀನು ಹಾಕಿದ ಎಣ್ಣೆ ಮೈಯಲ್ಲಿರುವಾಗಲೇ ಅದೇ ಸಂಜೆ ತಟ್ಟೆಗೆ ಬರಬಹುದು, ನನ್ನಿಂದಾಗದು ಎಂದೆ. ಅವರಿಗೆ ಹಿಡಿಸಲಿಲ್ಲ. ಎಥನಾಲ್ ಚೀಟಿಗೆ ಇನ್ನೂ ಸಹಿ ಬಿದ್ದಿಲ್ಲ; ಸದ್ಯ ನನ್ನ ಕೈಯಿಂದಲೇ ಕೊಟ್ಟು ತರಿಸುತ್ತಿದ್ದೇನೆ.