ತಪ್ಪು ಲೆಕ್ಕದ ಪುಸ್ತಕ

"ಲೆಕ್ಕ ಎಲ್ಲಾ ತಪ್ಪು ಮಾಡವ್ರೆ ಸಾ, ಬ್ಯಾರೆ ಕೊಡ್ಲಾ?"

ಭಾನುವಾರದಿಂದ ಈ ಮಾತು ಕಿವಿಯಲ್ಲೇ ಇದೆ.

ಹಾಸನದ ಗುಜರಿ ಅಂಗಡಿಯಲ್ಲಿ ಒಂದು ಹಳೇ ಅಂಕಗಣಿತ ಸಿಕ್ಕಿತು. ರಟ್ಟಿಲ್ಲ, ಮೊದಲ ಹಾಳೆಗಳೂ ಇಲ್ಲ. ಆದರೆ ಒಳಗೆ ಎಲ್ಲಾ ರೂಪಾಯಿ, ಆಣೆ, ಪೈ. ಅಂದರೆ 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬರುವುದಕ್ಕೂ ಮುಂಚಿನ ಪಾಠ.

ಅಂಗಡಿಯವರು ಒಳ್ಳೆಯವರು. ಇಂಥ ಪುಸ್ತಕ ಬಂದರೆ ನನಗೆ ಅಂತ ತೆಗೆದಿಡುತ್ತಾರೆ. ಪೆನ್ಸಿಲ್ ಗೀಚಿದ್ದು ನೋಡಿ, ನನಗೆ ಮೋಸ ಆಗಬಾರದು ಅಂತ ಹಾಗಂದರು. ಇದನ್ನು ತೂಕಕ್ಕೆ ಹಾಕಿದ ಮನೆಯವರ ಮೇಲೆ ಮಾತ್ರ ನನಗೆ ಸಿಟ್ಟಿದೆ. ಒಂದು ಸಲ ತೆರೆದು ನೋಡಬಾರದಿತ್ತಾ?

ಒಂದು ಸೇರು ಬೆಲ್ಲಕ್ಕೆ 5 ಆಣೆ 4 ಪೈ ಆದರೆ 18 ಸೇರಿಗೆ ಎಷ್ಟು? ಪಕ್ಕದಲ್ಲಿ ಮಗುವಿನ ಕೈಬರಹ: 5 ರೂಪಾಯಿ 10 ಆಣೆ. ಹೊಡೆದು ಹಾಕಿದೆ. ಕೆಳಗೆ ಮತ್ತೆ ಅದೇ ಉತ್ತರ. ಈ ಸಲ ಎಷ್ಟು ಒತ್ತಿ ಹೊಡೆದಿದೆ ಅಂದರೆ ಹಾಳೆ ತೂತಾಗಿದೆ.

ಕೂತು ನಾನೂ ಮಾಡಿದೆ. ಹದಿನೆಂಟೈದಲ ತೊಂಬತ್ತು ಆಣೆ, ರೂಪಾಯಿಗೆ 16 ಆಣೆಯಂತೆ 5 ರೂಪಾಯಿ 10 ಆಣೆ. ಮಗು ಅಲ್ಲಿಗೇ ನಿಂತಿದೆ. 4 ಪೈ ಬಿಟ್ಟುಹೋಗಿದೆ. ಅದನ್ನೂ ಗುಣಿಸಿದರೆ 72 ಪೈ, 12 ಪೈಗೆ ಒಂದಾಣೆಯಂತೆ 6 ಆಣೆ. ಒಟ್ಟು 96 ಆಣೆ. ಸರಿಯಾಗಿ 6 ರೂಪಾಯಿ.

ಮೂವತ್ತು ವರ್ಷ ಮೇಷ್ಟ್ರಾಗಿ ಇಂಥ ಉತ್ತರಗಳಿಗೆ ಕೆಂಪು ಇಂಕಿನಲ್ಲಿ ಇಂಟು ಹಾಕಿದ್ದೇನೆ. ಮಗು ಎಲ್ಲಿ ಎಡವಿತು ಅಂತ ಎಷ್ಟು ಸಲ ನೋಡಿದೆ? ಈ ಮಗು ದಾರಿಯ ಮುಕ್ಕಾಲು ಪಾಲು ಸರಿಯಾಗೇ ಬಂದಿತ್ತು ಅಲ್ವಾ? ಲೆಕ್ಕ ತಪ್ಪು ಅನ್ನೋದು ಸುಲಭ. ಆ ಗುಜರಿಯವರು ಅಂದಾಗ ಬೇಜಾರಾದ ನಾನು, ತರಗತಿಯಲ್ಲಿ ದಿನಾ ಅದನ್ನೇ ಅಂದಿದ್ದೇನೆ.

ರಾತ್ರಿ ಅಮ್ಮನಿಗೆ ಲೆಕ್ಕ ಓದಿ ಹೇಳಿದೆ. ಅವರಿಗೆ 84. ನಾನು ಮುಗಿಸುವುದರೊಳಗೆ "ಆರು ರೂಪಾಯಿ" ಅಂದರು.

"ಹೇಗಮ್ಮ?"

"ಐದಾಣೆ ನಾಲ್ಕು ಪೈ ಅಂದ್ರೆ ರೂಪಾಯಿಗೆ ಮೂರು ಸೇರು ಕಣೋ. ಗುಣಿಸೋದ್ಯಾಕೆ?"

ಹದಿನಾರಾಣೆ ನಿಜ. ರೂಪಾಯಿಗೆ 192 ಪೈ. ಮೂರು ಪಾಲು ಮಾಡಿದರೆ ತಲಾ 64, ಚೂರೂ ಉಳಿಯುವುದಿಲ್ಲ. ಈಗಿನ 100 ಪೈಸೆಯಲ್ಲಿ ಒಂದು ಪೈಸೆ ಉಳಿದೇ ಉಳಿಯುತ್ತದೆ.

ಅಮ್ಮ ಪುಸ್ತಕ ಇಸಕೊಂಡು ಆ ತೂತಿನ ಮೇಲೆ ಬೆರಳಾಡಿಸಿದರು.

"ಪಾಪ, ಕೂಸಿಗೆ ಯಾರೂ ಹೇಳಿಕೊಡಲಿಲ್ವಾ?"